ಕುರ್ಚಿಗೆ ಬಿದ್ದ ಒದ್ದೆ ಟವಲ್

ಬುಧವಾರ ಬೆಳಿಗ್ಗೆ ಪ್ರಭುದೇವರು ವಾಷಿಂಗ್ ಮಷಿನ್ನಿನ ಮುಚ್ಚಳ ತೆಗೆದು, ಮೊಣಕೈವರೆಗೆ ಕೈ ಇಳಿಸಿ, ಹೊರಗೆಳೆದ ವಸ್ತುವನ್ನು ಟವಲ್ ಎಂದು ಗುರುತಿಸಲು ಅದರ ಪೂರ್ವಪರಿಚಯ ಬೇಕಾಗಿತ್ತು. ಒಂದು ಅಂಚು ಕೈಯಲ್ಲಿತ್ತು, ಇನ್ನೊಂದು ಅಂಚು ಮಷಿನ್ನಿನಲ್ಲೇ ಉಳಿದಿತ್ತು. ನಡುವೆ ನೂಲು, ನೂಲಿನ ನಡುವೆ ತೂತು, ತೂತಿನಾಚೆ ಹೆಂಡತಿ ಗಂಗಾಂಬಿಕೆ.

“ಏನ್ರೀ ಅದು,” ಎಂದರು ಗಂಗಾಂಬಿಕೆ.

“ಟವಲ್.”

“ನಮ್ಮಣ್ಣನ ಊರಿನ ಹೆಸರಿಡಿ ಅದಕ್ಕೆ. ಗುಬ್ಬಿ. ಗೂಡು ಕಟ್ಟಿದಂಗಿದೆ.”

ಕನ್ನಡದಲ್ಲಿ ಒಗೆಯುವುದು ಎಂದರೆ ತೊಳೆಯುವುದೂ ಹೌದು, ಎಸೆಯುವುದೂ ಹೌದು. ಬಟವಾಡಿಯ ಬಿಲ್ವ ಬಡಾವಣೆಯ ಈ ಮನೆಗೆ ಆರು ತಿಂಗಳ ಹಿಂದೆ ಬಂದ ಮಷಿನ್ನು ಅಪ್ಪಟ ಕನ್ನಡದ್ದೇ ಇರಬೇಕು. ಅದು ಒಗೆದದ್ದನ್ನೆಲ್ಲ ಆಮೇಲೆ ಒಗೆಯಬೇಕಾಗುತ್ತಿತ್ತು. ಈವರೆಗೆ ಐದು ಟವಲ್, ಒಂದು ಲುಂಗಿ, ಗಂಗಾಂಬಿಕೆಯವರ ಎರಡು ರವಿಕೆಗಳ ತೋಳು ಮತ್ತು ಯಾರದೆಂದು ಕೊನೆಗೂ ಪತ್ತೆಯಾಗದ ಒಂದು ಕಾಲರ್ ಅದರ ಹೊಟ್ಟೆ ಸೇರಿದ್ದವು.

ತಪ್ಪು ಮಷಿನ್ನಿನದಲ್ಲ. ಪ್ರಭುದೇವರು ಸರ್ವೆ ಇಲಾಖೆಯಲ್ಲಿ ಮೂವತ್ತಮೂರು ವರ್ಷ ನಕ್ಷೆ ಬರೆದು ಹೋದ ವರ್ಷ ನಿವೃತ್ತರಾದವರು. ಮಷಿನ್ ಬಂದ ದಿನ ಡೆಮೊ ಕೊಡಲು ಬಂದವನನ್ನು ಅವರು ಬಾಗಿಲಲ್ಲೇ ತಡೆದಿದ್ದರು. “ನಾನು ಹುಲಿಯೂರುದುರ್ಗದ ಬೆಟ್ಟಾನೇ ಅಳ್ದೋನು ಕಣಪ್ಪ. ಈ ಡಬ್ಬ ಏನ್ ಮಹಾ. ಕಾಫಿ ಕುಡಿದು ಹೋಗು.” ಅವನು ಕಾಫಿ ಕುಡಿದು ಹೋದ. ಅಂದಿನಿಂದ ಪ್ರಭುದೇವರು ತಮ್ಮದೇ ಪದ್ಧತಿಯಲ್ಲಿ ಬಟ್ಟೆ ಒಗೆದರು. ಬಟ್ಟೆ ಜಾಸ್ತಿ ಇದ್ದರೆ ‘ಹೆವಿ’ ಒತ್ತುವುದು, ಕಮ್ಮಿ ಇದ್ದರೆ ಬಟ್ಟೆಗೆ ಬೇಜಾರಾಗದಿರಲೆಂದು ಆಗಲೂ ‘ಹೆವಿ’ ಒತ್ತುವುದು. ಪೌಡರನ್ನು ಕೈತುಂಬ ಸುರಿಯುವುದು. ಟವಲ್ ಮೆತ್ತಗಾಗಲೆಂದು ಘಮಘಮಿಸುವ ಸಾಫ್ಟ್‌ನರ್ ಹೊಯ್ಯುವುದು. ಇದರಿಂದ ಟವಲ್‌ಗಳು ಎಷ್ಟು ನಯವಾದವೆಂದರೆ, ಸ್ನಾನವಾದ ಮೇಲೆ ಮೈ ಒರೆಸಿದರೆ ನೀರು ಟವಲಿಗೆ ಹೋಗದೆ ಬೆನ್ನಿಂದ ಹೊಟ್ಟೆಗೆ, ಹೊಟ್ಟೆಯಿಂದ ಬೆನ್ನಿಗೆ ಓಡಾಡಿಕೊಂಡಿರುತ್ತಿತ್ತು.

“ನೋಡಿ, ಅಣ್ಣಂಗೆ ಫೋನ್ ಮಾಡಿದೀನಿ,” ಎಂದರು ಗಂಗಾಂಬಿಕೆ. “ಭಾನುವಾರ ಟೆಂಪೋ ತರ್ತಾನೆ. ಮಷಿನ್ ಅವನ ಮನೆಗೆ ಹೋಗ್ಲಿ. ಅತ್ತಿಗೆ ಗೋಣಿಚೀಲನಾದ್ರೂ ಒಕ್ಕೊಳ್ಳಲಿ.”

“ಮತ್ತೆ ನಿನ್ನ ಭುಜ?”

“ಭುಜ ನೋಯುತ್ತೆ, ಹರಿಯಲ್ಲ. ಕಲ್ಲಿನ ಮೇಲೆ ಒಕ್ಕೋತೀನಿ.”

ಇಲ್ಲಿಗೆ ತಮಾಷೆ ಮುಗಿಯಿತು. ಮಷಿನ್ ಬಂದದ್ದೇ ಆ ಭುಜಕ್ಕಾಗಿ. ಬಲಭುಜ ಬಿಗಿದುಕೊಂಡು ಗಂಗಾಂಬಿಕೆಯವರ ಕೈ ಕಿವಿಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಬಟ್ಟೆ ಕುಕ್ಕುವುದು, ಹಿಂಡುವುದು ಎರಡೂ ಬಂದ್ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಮಾಡಿದರೆ ಆಪರೇಷನ್ ಎಂದೂ ಹೇಳಿದ್ದರು. ಬೆಳಿಗ್ಗೆ ಹೆಂಡತಿಯ ತಲೆ ಬಾಚಿ ಜಡೆ ಹಾಕುವುದು ಈಗ ಪ್ರಭುದೇವರ ಕೆಲಸ. ಆ ಜಡೆ ಎರಡು ಹಳ್ಳಿಗಳ ಗಡಿರೇಖೆಯಂತೆ ಹಳ್ಳಕೊಳ್ಳ ತಪ್ಪಿಸಿಕೊಂಡು ಸೊಟ್ಟಸೊಟ್ಟಗೆ ಇಳಿಯುತ್ತಿತ್ತು. ಗಂಗಾಂಬಿಕೆ ಅದನ್ನು ಹಾಗೇ ಹಾಕಿಕೊಂಡು ಮದುವೆ ಮನೆಗಳಿಗೂ ಹೋಗಿಬಂದಿದ್ದರು.

“ಭಾನುವಾರದೊಳಗೆ ಒಂದು ಟವಲ್ ಇಡಿಯಾಗಿ ತೆಗೆದು ನಿನ್ನ ಕೈಗೆ ಕೊಡ್ತೀನಿ,” ಎಂದರು ಪ್ರಭುದೇವರು. “ಕೊಟ್ರೆ ಮಷಿನ್ ಇಲ್ಲೇ ಇರುತ್ತೆ. ನೀನು ಕಲ್ಲಿನ ಹತ್ರ ಹೋಗಂಗಿಲ್ಲ.”

“ಕೊಡದೇ ಇದ್ರೆ?”

“ಕೊಡ್ತೀನಿ.”

ಹತ್ತೂವರೆಗೆ ರಿಪೇರಿಯ ಚಿಕ್ಕಬೀರಯ್ಯ ಬಂದ. ಊರು ಕುಣಿಗಲ್, ಅಂಗಡಿ ಬಟವಾಡಿ. ಒಗೆಯುವ ಕಲ್ಲಿಗೆ ಕಾಲು ಬಂದು ಕುಣಿಯತೊಡಗಿದರೆ ಅದೇ ವಾಷಿಂಗ್ ಮಷಿನ್. ಕುಣಿ-ಕಲ್ಲಿನವನಿಗಲ್ಲದೆ ಅದರ ಮರ್ಮ ಇನ್ನಾರಿಗೆ ತಿಳಿಯಬೇಕು. ಆತ ಸ್ಕ್ರೂಡ್ರೈವರನ್ನು ಜೇಬಿನಿಂದ ತೆಗೆಯಲೇ ಇಲ್ಲ.

“ದಿನಾ ಹೆಂಗ್ ತುಂಬ್ತೀರೋ ಹಂಗೇ ತುಂಬಿ ಸಾರ್,” ಎಂದ.

ಪ್ರಭುದೇವರು ತುಂಬಿದರು. ಪಂಚೆ, ರವಿಕೆ, ಟವಲ್, ದಿಂಬಿನ ಕವರ್. ಕೊನೆಗೆ ಮೇಲಿಂದ ಎರಡೂ ಕೈಯಲ್ಲಿ ಅದುಮಿ, ಮುಚ್ಚಳ ಹಾಕಿ, ಮುಚ್ಚಳದ ಮೇಲೆ ಮೊಣಕೈ ಊರಿದರು.

ಚಿಕ್ಕಬೀರಯ್ಯ ಮುಚ್ಚಳ ತೆಗೆದು ಒಳಗೆ ಬೆರಳು ತೂರಿಸಲು ನೋಡಿದ. ತೂರಲಿಲ್ಲ. “ಇದು ಬಟ್ಟೆ ಒಗೆಯೋದಾ ಸಾರ್, ಉಪ್ಪಿನಕಾಯಿ ಹಾಕೋದಾ?”

“ಟಾಪ್ ಲೋಡ್ ಅಂದ್ರೆ ಟಾಪ್‌ತನಕ ಲೋಡ್ ಮಾಡೋದು ತಾನೆ?”

ಚಿಕ್ಕಬೀರಯ್ಯ ಅದುಮಿದ ಬಟ್ಟೆಯನ್ನು ಒಂದೊಂದಾಗಿ ಹೊರಗೆಳೆದು ಹಾಕಿದ. ಆಮೇಲೆ ಗಂಗಾಂಬಿಕೆಯವರ ಕಡೆ ತಿರುಗಿ ಹೇಳಿದ. “ನೋಡಿ ಅಮ್ಮಾ, ಬಟ್ಟೆ ನೀರಲ್ಲಿ ಈಜಾಡ್ಬೇಕು. ಇಲ್ಲಿ ನೀರೇ ಇಲ್ಲ, ಅದಕ್ಕೆ ಒಂದನ್ನೊಂದು ಹಿಡ್ಕೊಂಡು ಗುದ್ದಾಡ್ತವೆ. ಸಾರ್ ಪಂಚೆ ಟವಲ್ ಕುತ್ತಿಗೆ ಹಿಡೀತದೆ. ನಿಮ್ಮ ರವಿಕೆ ಹುಕ್ಕು ಟವಲ್ ನೂಲು ಹಿಡೀತದೆ. ಕೆಳಗಿರೋ ಚಕ್ರ ಗರಗರ ತಿರುಗ್ತದೆ. ಟವಲ್ ಪಾಪ ಯಾರ ಮಾತು ಕೇಳ್ಬೇಕು?”

ಪ್ರಭುದೇವರು ನೋಟ್‌ಬುಕ್ ತಂದರು. ಚಿಕ್ಕಬೀರಯ್ಯ ಹೇಳಿದ, ಅವರು ಬರೆದುಕೊಂಡರು. ಅರ್ಧ ಟಬ್ಬಿಗಿಂತ ಜಾಸ್ತಿ ಬಟ್ಟೆ ಬೇಡ. ಪಂಚೆ, ಸೀರೆ ಥರ ಉದ್ದುದ್ದ ಇರೋವು ಟವಲ್ ಜೊತೆ ಬೇಡವೇ ಬೇಡ. ಹುಕ್ಕು ಇರೋದನ್ನ ಹುಕ್ಕು ಹಾಕಿ, ತಿರುಗಾಮುರುಗಾ ಮಾಡಿ, ನೆಟ್ ಬ್ಯಾಗಿಗೆ ಹಾಕಿ ಬಿಡೋದು. ಬಿಳೀದು ಬೇರೆ, ಬಣ್ಣದ್ದು ಬೇರೆ. ಪೌಡರ್ ಒಂದು ಮುಚ್ಚಳ, ಜಾಸ್ತಿ ನೊರೆ ಬಂದರೆ ಕೊಳೆ ಬಿಡಲ್ಲ. ಟವಲಿಗೆ ಸಾಫ್ಟ್‌ನರ್ ತೋರಿಸೋದೂ ಬೇಡ. ‘ಹೆವಿ’ ಮರೆತುಬಿಡಿ, ‘ನಾರ್ಮಲ್’ ಸಾಕು.

“ಕೊನೇದು. ನೀರು ‘ಹೈ’ನಲ್ಲಿ ಇಡ್ಬೇಕು. ನೀವು ‘ಲೋ’ನಲ್ಲಿ ಇಟ್ಟಿದೀರ.”

“ನೀರು ಬರೋದೇ ಒಂಬತ್ತೂವರೆಯಿಂದ ಹತ್ತು ಗಂಟೆವರೆಗೂ. ಅರ್ಧ ಗಂಟೆಗೆ ನಿಲ್ಲಿಸ್ತಾರೆ. ಡ್ರಮ್ಮಿನ ನೀರು ಅಡುಗೆಗೆ, ಸ್ನಾನಕ್ಕೇ ಸಾಲಲ್ಲ.”

“ಒಗೆಯಕ್ಕೆ ಒಂದ್ಸಲ, ಜಾಲಿಸಕ್ಕೆ ಎರಡ್ಸಲ, ಒಟ್ಟು ಮೂರ್ಸಲ ತುಂಬ್ಕೊತದೆ ಸಾರ್. ಒಂದು ಗಂಟೆ ನೀರು ಬೇಕು.” ಚಿಕ್ಕಬೀರಯ್ಯ ಹೆಲ್ಮೆಟ್ ಹಾಕಿಕೊಂಡ. “ಮಷಿನ್ ಕೆಟ್ಟಿಲ್ಲ. ನಿಮ್ಮ ಬಡಾವಣೆ ಕೆಟ್ಟದೆ.”

ಬಿಲ್ವ ಬಡಾವಣೆಯಲ್ಲಿ ನಲವತ್ತೆರಡು ಮನೆ, ಒಂದು ಬೋರ್‌ವೆಲ್, ಒಂದು ಟ್ಯಾಂಕ್, ಅದಕ್ಕೊಂದು ವಾಲ್ವು ಮತ್ತು ಒಬ್ಬ ರಂಗಣ್ಣ. ವಾಲ್ವಿನ ಕೋಣೆಯ ಬೀಗದ ಕೈ ರಂಗಣ್ಣನವರ ಸೊಂಟದಲ್ಲಿರುತ್ತಿತ್ತು. ಅವರು ಹನ್ನೊಂದು ವರ್ಷದಿಂದ ಕ್ಷೇಮಾಭಿವೃದ್ಧಿ ಸಂಘದ ಅವಿರೋಧ ಅಧ್ಯಕ್ಷರು. ಬಡಾವಣೆಯ ಕ್ಷೇಮ ಹೇಗಿದೆಯೋ, ಅಭಿವೃದ್ಧಿ ಎಲ್ಲಿದೆಯೋ ತಿಳಿಯದು. ಸಂಘದ ಕೊಠಡಿಯಲ್ಲಿ ಅಧ್ಯಕ್ಷರಿಗೆಂದು ತಿರುಗುವ ಮೆತ್ತನೆ ಕುರ್ಚಿಯಂತೂ ಇತ್ತು. ಪ್ರತಿ ವರ್ಷದಂತೆ ಈ ಭಾನುವಾರ ಹತ್ತು ಗಂಟೆಗೆ ಸಭೆ ಸೇರಿ, ಅವರನ್ನೇ ಮತ್ತೆ ಆರಿಸಿ, ಉಪ್ಪಿಟ್ಟು ತಿಂದು ಏಳುವುದೆಂದು ಗೊತ್ತಾಗಿತ್ತು.

ಅವತ್ತೇ ಸಂಜೆ ಪ್ರಭುದೇವರು ಸಾಕ್ಷಿಗೆಂದು ಇನ್ನೊಂದು ಟವಲನ್ನು ಮಷಿನ್ನಿನಿಂದ ನೇರವಾಗಿ ಎತ್ತಿಕೊಂಡು ಸಂಘದ ಕೊಠಡಿಗೆ ಹೋದರು. ಬೆಳಿಗ್ಗೆ ನೀರು ನಿಂತು ಸರಿಯಾಗಿ ಜಾಲಿಸದೆ ಉಳಿದ ಟವಲ್, ಸೋಪಿನ ನೀರು ತೊಟತೊಟ ಸೋರುತ್ತಿತ್ತು. ರಂಗಣ್ಣ ಇರಲಿಲ್ಲ. ನಾಲ್ವರು ಕೇರಂ ಆಡುತ್ತಿದ್ದರು. ಬೀದಿ ದೀಪದ ವಿಷಯ ಕೇಳಲು ಬಂದಿದ್ದ ಎದುರುಮನೆ ಹೊಂಬಾಳಮ್ಮ ಬಾಗಿಲ ಬಳಿ ಕೂತಿದ್ದರು.

ಪ್ರಭುದೇವರು ಟವಲನ್ನು ಮೇಜಿನ ಮೇಲಿಟ್ಟರು.

“ಸಾರ್, ಅಲ್ಲಿ ಪೇಪರ್ ಇದೆ, ಒದ್ದೆ ಆಗುತ್ತೆ.”

ಎತ್ತಿ ಕೇರಂ ಬೋರ್ಡಿನ ಅಂಚಿಗೆ ತಂದರು.

“ಅಯ್ಯೋ ಸಾರ್, ಬೋರ್ಡ್ ಮೇಲೆ ಬೇಡ. ಕಾಯಿ ಜಾರಲ್ಲ.”

ಕೊಠಡಿಯಲ್ಲಿ ಖಾಲಿ ಇದ್ದದ್ದು ಒಂದೇ ಕುರ್ಚಿ. ಪ್ರಭುದೇವರು ಟವಲನ್ನು ಅದರ ಬೆನ್ನಿಗೆ ಹರಡಿ, ಅಂಚುಗಳನ್ನು ನೀಟಾಗಿ ಎಳೆದು, “ರಂಗಣ್ಣನೋರು ಬಂದ್ರೆ ನಾನು ಹಾಕಿದ್ದು ಅಂತ ಹೇಳಿ,” ಎಂದು ಹೊರಟುಬಿಟ್ಟರು.

ಕೇರಂ ನಿಂತಿತು.

ನಮ್ಮ ಕಡೆ ಟವಲ್ ಎಂದರೆ ಮೈ ಒರೆಸುವ ಬಟ್ಟೆ ಮಾತ್ರವಲ್ಲ. ಅದು ದಸ್ತಾವೇಜು. ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಒಳಗೆ ಸೀಟಿನ ಮೇಲೆ ಟವಲ್ ಎಸೆದವನಿಗೆ ಆ ಸೀಟು ಸೇರಿತು. ಅದಕ್ಕೆ ಸಾಕ್ಷಿ ಬೇಡ, ಸಬ್ ರಿಜಿಸ್ಟ್ರಾರ್ ಬೇಡ. ಮೊದಲೇ ಹತ್ತಿ ಕೂತವನೂ ಟವಲ್ ಕಂಡರೆ ಏಳುತ್ತಾನೆ. ಬಸ್ಸಿನಿಂದ ಈ ಮಾತು ರಾಜಕೀಯಕ್ಕೆ ಹತ್ತಿ, ಯಾವ ಕುರ್ಚಿಗೆ ಯಾರು ಟವಲ್ ಹಾಕಿದ್ದಾರೆ ಎಂಬುದೇ ದಿನಪತ್ರಿಕೆಗಳ ಅರ್ಧ ಸುದ್ದಿಯಾಗಿದೆ. ಆದರೆ ಅವೆಲ್ಲ ಬಾಯಿಮಾತಿನ ಟವಲ್‌ಗಳು. ನೆಟ್ಟಗೆ ನಡೆದುಬಂದು, ಐದು ಜನರೆದುರು, ಚುನಾವಣೆಗೆ ನಾಲ್ಕು ದಿನ ಮುಂಚೆ, ಅಧ್ಯಕ್ಷರ ಕುರ್ಚಿಗೆ ನಿಜವಾದ ಟವಲ್ ಹಾಕಿ, ನಾನೇ ಹಾಕಿದ್ದು ಅಂತ ಹೇಳಿ ಎಂದು ಹೋದವರು ಈ ಸೀಮೆಯಲ್ಲಿ ಪ್ರಭುದೇವರೇ ಮೊದಲು.

ಹೊಂಬಾಳಮ್ಮ ಫೋಟೋ ತೆಗೆದರು. ಐದು ನಿಮಿಷದಲ್ಲಿ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಬಂತು: ‘ಪ್ರಭುದೇವ ಅವರು ಅಧ್ಯಕ್ಷರ ಕುರ್ಚಿಗೆ ಟವಲ್ ಹಾಕಿರುತ್ತಾರೆ.’ ಕೆಳಗೆ ಹದಿನೇಳು ಕೈ ಮುಗಿಯುವ ಚಿತ್ರ, ಒಂದು ಸಿಡಿಯುವ ಪಟಾಕಿ.

ಏಳೂವರೆಗೆ ರಂಗಣ್ಣ ಮನೆಗೇ ಬಂದರು. ಆರಡಿ ಎತ್ತರದ ಆಳು, ಬಿಳಿ ಅಂಗಿ, ಬಿಳಿ ಪಂಚೆ. ಕೂರಲಿಲ್ಲ.

“ಪ್ರಭುದೇವ್ರೇ, ಟವಲ್ ನೋಡ್ದೆ.”

ಪ್ರಭುದೇವರ ಮುಖ ಅರಳಿತು. “ನೋಡಿದ್ರಾ? ನಿಮ್ಮ ಕಣ್ಣಿಗೆ ಬೀಳ್ಲಿ ಅಂತಾನೇ ಅಲ್ಲಿ ಹಾಕಿದ್ದು.”

“ಬಿತ್ತು. ಇಡೀ ಬಡಾವಣೆ ಕಣ್ಣಿಗೆ ಬಿತ್ತು.”

“ಒಳ್ಳೇದಾಯ್ತು ಬಿಡಿ. ಎಲ್ರಿಗೂ ಇರೋ ಕಷ್ಟವೇ ಇದು. ಹೇಳ್ಕೊಳ್ಳಲ್ಲ ಅಷ್ಟೆ.”

ರಂಗಣ್ಣ ಕೂತರು. “ಎಷ್ಟು ದಿವಸದಿಂದ ಇದು ನಿಮ್ಮ ಮನಸಲ್ಲಿದೆ?”

“ಆರು ತಿಂಗ್ಳಾಯ್ತು ಅನುಭವಿಸ್ತಾ. ಇನ್ನು ತಡ್ಕೊಳ್ಳಕ್ಕಾಗಲ್ಲ. ಭಾನುವಾರಕ್ಕೆ ಇತ್ಯರ್ಥ ಆಗ್ಲೇಬೇಕು.”

“ಭಾನುವಾರ,” ಎಂದರು ರಂಗಣ್ಣ. “ಏನೋ ಪ್ಲಾನ್ ಇಟ್ಕೊಂಡಿದೀರ.”

“ಹೂಂ, ಕುಣಿಗಲ್‌ನೋರು ಒಬ್ರು ಹೇಳ್ಕೊಟ್ಟವ್ರೆ. ಭಾರೀ ತಿಳ್ದೋರು. ಇಷ್ಟು ದಿನ ನಾನು ಎಲ್ಲಾನೂ ಒಟ್ಟಿಗೆ ತುಂಬಿ ಕೆಟ್ಟೆ. ಇನ್ಮೇಲೆ ಬೇರೆ ಬೇರೆ ಮಾಡ್ತೀನಿ. ಬಿಳೀವು ಒಂದ್ಕಡೆ, ಬಣ್ಣದವು ಒಂದ್ಕಡೆ.”

ರಂಗಣ್ಣ ತಮ್ಮ ಬಿಳಿ ಅಂಗಿಯನ್ನು ನೋಡಿಕೊಂಡರು.

“ಕೆಲವಕ್ಕೆ ಹುಕ್ಕಿರುತ್ತೆ,” ಎಂದು ಪ್ರಭುದೇವರು ಮುಂದುವರಿಸಿದರು. “ಪಕ್ಕದಲ್ಲಿರೋದನ್ನ ಎಳೆದೆಳೆದು ಹಾಳ್ಮಾಡ್ತವೆ. ಅಂಥವನ್ನ ಮೊದ್ಲೇ ಚೀಲಕ್ಕೆ ಹಾಕ್ಕೊಂಡ್ಬಿಡ್ಬೇಕಂತೆ.”

“ಅಂಥವು ಯಾವ್ಯಾವು ಅಂತ ಗೊತ್ತಾ ನಿಮಗೆ?” ರಂಗಣ್ಣನವರ ದನಿ ತಗ್ಗಿತು. ಅವರ ಕಮಿಟಿಯಲ್ಲೇ ಇಬ್ಬರ ಮೇಲೆ ಅವರಿಗೆ ಅನುಮಾನವಿತ್ತು.

“ಎಲ್ಲಾ ಕಡೆ ಇರ್ತವೆ ಸ್ವಾಮಿ. ಅದಕ್ಕಿಂತ ಉದ್ದುದ್ದ ಇರೋವು ಡೇಂಜರ್. ಎಲ್ಲದರ ಕುತ್ತಿಗೇನೂ ಸುತ್ಕೊಂಡು ಕೂರ್ತವೆ. ಅವನ್ನಂತೂ ಹತ್ರಾನೇ ಸೇರಿಸ್ಬಾರ್ದು.”

ಆರಡಿಯ ರಂಗಣ್ಣ ಕುರ್ಚಿಯಲ್ಲಿ ಒಂದಿಷ್ಟು ಕುಗ್ಗಿ ಕೂತರು. “ಆಮೇಲೆ ಹಿಂಡ್ತೀರಾ?”

“ಹಿಂಡೋದು ಕೊನೇಗೆ. ಅದೂ ಜಾಸ್ತಿ ಹಿಂಡಲ್ಲ, ಮೆತ್ತಗೆ. ಅದಕ್ಕೆ ಮೊದ್ಲು ಚೆನ್ನಾಗಿ ನೀರು ಕುಡಿಸ್ಬೇಕು. ಮೂರ್ಸಲ ಕುಡಿಸ್ಬೇಕಂತೆ. ಅದಕ್ಕೇ ನಾನು ನಿಮ್ಮನ್ನ ಹುಡ್ಕೊಂಡು ಸಂಘದ ಹತ್ರ ಬಂದಿದ್ದು.”

ಮೂರು ಸಲ ನೀರು ಕುಡಿಸುತ್ತೇನೆ ಎಂದು ಮುಖದೆದುರೇ ಹೇಳಿಸಿಕೊಂಡ ಮೇಲೆ ಮಾನವಂತನಾದವನು ಕಾಫಿಗೆ ಕಾಯುವುದಿಲ್ಲ. ರಂಗಣ್ಣ ಎದ್ದರು. “ಆಯ್ತು ಪ್ರಭುದೇವ್ರೇ. ನೀವು ನೀರು ಕುಡಿಸಿ, ನಾನೂ ನೋಡ್ತೀನಿ,” ಎಂದು ಹೋದರು.

ಪ್ರಭುದೇವರು ಒಳಗೆ ಬಂದು, “ಒಪ್ಕೊಂಡ್ರು ಕಣೇ,” ಎಂದರು. “ನೋಡ್ತೀನಿ ಅಂದ್ರು.”

ರಂಗಣ್ಣ ನೋಡಿದ ಬಗೆ ಹೀಗಿತ್ತು: ಗುರುವಾರ ನೀರು ಇಪ್ಪತ್ತೇ ನಿಮಿಷಕ್ಕೆ ನಿಂತಿತು. ಇದುವರೆಗೆ ಅರ್ಧ ದಾರಿಗೆ ನಿಲ್ಲುತ್ತಿದ್ದ ಮಷಿನ್ನು ಈಗ ಹೊಸಿಲಲ್ಲೇ ನಿಂತಿತು. ಅವತ್ತು ಗಂಗಾಂಬಿಕೆ ಹಿತ್ತಿಲಿಗೆ ಹೋಗಿ, ಒಗೆಯುವ ಕಲ್ಲಿನ ಮೇಲೆ ಬಿದ್ದಿದ್ದ ಎಲೆ ಗುಡಿಸಿ, ಎಡಗೈಯಲ್ಲೇ ಒಂದು ಚೊಂಬು ನೀರು ಹಾಕಿದರು. ಅಡುಗೆಮನೆ ಕಿಟಕಿಯಿಂದ ಅದನ್ನು ನೋಡಿದ ಪ್ರಭುದೇವರು ಚಪ್ಪಲಿ ಮೆಟ್ಟಿ ನೋಟ್‌ಬುಕ್ ಹಿಡಿದು ಬೀದಿಗಿಳಿದರು.

ಒಬ್ಬನೇ ಕೇಳಿದರೆ ಕೊಡದ ನೀರನ್ನು ಎಲ್ಲರೂ ಕೇಳಿದರೆ ಕೊಡಬೇಕಾಗುತ್ತದೆ ಎಂಬುದು ಅವರ ಲೆಕ್ಕಾಚಾರ. ಹೇಗೂ ಸರ್ವೆಯವರು. ಮೊದಲ ಕ್ರಾಸಿನ ಮೊದಲ ಮನೆಯಿಂದ ಹಿಡಿದು ಎರಡು ದಿನ ಒಂದೊಂದೇ ಬಾಗಿಲು ತಟ್ಟಿದರು. “ನಿಮ್ಮನೇಲಿ ಟವಲ್ ಹೆಂಗಿದಾವೆ? ನೀರು ಎಷ್ಟೊತ್ತು ಬರುತ್ತೆ? ಭಾನುವಾರ ಒಂದು ಗಂಟೆ ನೀರು ಬೇಕು ಅಂತ ಬರೆದಿದೀನಿ, ಇಲ್ಲೊಂದು ರುಜು ಹಾಕಿ.”

ಜನ ಕಾಗದ ಓದದೆ ಮುಖ ಓದಿ ರುಜು ಹಾಕಿದರು. ಹೊಂಬಾಳಮ್ಮನಂತೂ ರುಜು ಹಾಕಿ ಕುಂಕುಮ ಇಟ್ಟು ಕಳಿಸಿದರು.

“ನೀವು ಗೆದ್ಮೇಲೆ ನಮ್ಮ ಬೀದಿ ದೀಪ ಮರೀಬ್ಯಾಡಿ.”

“ಗೆಲ್ಲೋದೇನು ಬಂತು ಹೊಂಬಾಳಮ್ಮ, ಟವಲ್ ಉಳುದ್ರೆ ಸಾಕು.”

“ಟವಲ್ ಯಾಕೆ ಉಳ್ಯಲ್ಲ. ಎರಡು ದಿನ ಆಯ್ತು, ಯಾವನೂ ಮುಟ್ಟಿಲ್ಲ. ನಾನೇ ದಿನಾ ಹೋಗಿ ನೋಡ್ಕೊಂಡ್ ಬತ್ತೀನಿ.”

ಅದು ನಿಜವಾಗಿತ್ತು. ಟವಲನ್ನು ರಂಗಣ್ಣ ತೆಗೆದರೆ ಹೆದರಿದಂತೆ, ಬಿಟ್ಟರೆ ಒಪ್ಪಿಕೊಂಡಂತೆ. ಬೇರೆಯವರು ತೆಗೆದರೆ ಅವರು ರಂಗಣ್ಣನ ಕಡೆಯವರೆಂದಾಗುತ್ತದೆ. ಹೀಗಾಗಿ ಕುರ್ಚಿಯ ಮೇಲೆ ಟವಲ್ ಕೂತಿತ್ತು, ರಂಗಣ್ಣ ಪಕ್ಕದಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಆಡಳಿತ ನಡೆಸುತ್ತಿದ್ದರು.

ಶುಕ್ರವಾರ ರಾತ್ರಿ ಊಟದ ಹೊತ್ತಿಗೆ ಗುಬ್ಬಿಯಿಂದ ಗಂಗಾಂಬಿಕೆಯವರ ಅಣ್ಣ ಚನ್ನವೀರಯ್ಯನವರ ಫೋನು ಬಂತು.

“ಪ್ರಭು, ಎಲೆಕ್ಷನ್ನಿಗೆ ನಿಂತಿದೀಯಂತೆ. ಒಂದು ಮಾತು ಹೇಳಬಾರ್ದೇನಪ್ಪ.”

“ನಿಂತಿಲ್ಲ ಭಾವ. ಒದ್ದೆ ಟವಲ್ ಇತ್ತು, ಕುರ್ಚಿ ಮೇಲೆ ಹಾಕ್ದೆ ಅಷ್ಟೆ.”

“ಹಂಗೇ ಹೇಳ್ಬೇಕು. ದೊಡ್ಡೋರೆಲ್ಲಾ ಮೊದ್ಲು ಹಂಗೇ ಹೇಳೋದು. ಹೆಂಗೂ ಭಾನುವಾರ ಟೆಂಪೋ ತರ್ತಾ ಇದೀನಿ, ಸಿ.ಎಸ್. ಪುರದಿಂದ ಒಂದು ಹದಿನೈದು ಜನನ ಹತ್ಸ್ಕೊಂಡ್ ಬರ್ಲಾ?”

“ಅವರಿಗೆ ಇಲ್ಲಿ ಓಟಿಲ್ಲ ಭಾವ.”

“ಓಟ್ ಹಾಕಕ್ಕಲ್ಲ ಕಣಯ್ಯ. ಕೂಗಕ್ಕೆ.”

ಪ್ರಭುದೇವರು ಫೋನಿಟ್ಟು ಹೆಂಡತಿಯ ಮುಖ ನೋಡಿದರು. ಗಂಗಾಂಬಿಕೆ ಎಡಗೈಯಲ್ಲಿ ಅನ್ನ ಬಡಿಸುತ್ತಿದ್ದರು. “ಬಟವಾಡಿ ಹೋಗಿ ಬಟ್ಟೆವಾಡಿ ಆಯ್ತು,” ಎಂದರು ಅವರು. “ಒಂದು ಟವಲ್ ನೆಟ್ಟಗೆ ಒಗೆಯಕ್ಕೆ ಬರಲ್ಲ, ಊರು ಆಳಕ್ಕೆ ಹೊರಟ್ರು ಅಂತಾರೆ ಜನ. ಇನ್ನು ಒಂದೇ ದಿನ ಇದೆ ರೀ.”

“ಒಂದೇ ಟವಲ್ ತಾನೆ ಬೇಕಾಗಿರೋದು.”

ಭಾನುವಾರ ಒಂಬತ್ತು ಗಂಟೆಗೆ ಟೆಂಪೋ ಬಂತು. ಚನ್ನವೀರಯ್ಯ ಕೂಗುವವರನ್ನು ತಂದಿರಲಿಲ್ಲ, ಎತ್ತುವವರು ಇಬ್ಬರನ್ನು ತಂದಿದ್ದರು. ಜೊತೆಗೆ ಒಂದು ಹಗ್ಗ, ಎರಡು ಗೋಣಿತಾಟು. ಬೀದಿಯವರು ಟೆಂಪೋ ನೋಡಿ ಪ್ರಚಾರದ ಗಾಡಿಯೆಂದು ತಿಳಿದು ಮೈಕು ಎಲ್ಲಿ ಕಟ್ಟುತ್ತಾರೋ ಎಂದು ಕಾದರು.

ಒಂಬತ್ತೂವರೆಗೆ ನಲ್ಲಿ ಗೊರಗೊರ ಎಂದಿತು. ಪ್ರಭುದೇವರು ಸಿದ್ಧವಾಗಿದ್ದರು. ಟಬ್ಬಿನಲ್ಲಿ ನಾಲ್ಕೇ ಟವಲ್, ಒಂದಕ್ಕೊಂದು ತಾಗದಂತೆ ಸುತ್ತಲೂ ಹರಡಿದ್ದವು. ಪಂಚೆ ಇಲ್ಲ, ರವಿಕೆ ಇಲ್ಲ. ಒಂದು ಮುಚ್ಚಳ ಪೌಡರ್, ತಲೆತಟ್ಟಾಗಿ ಅಳೆದದ್ದು. ‘ನಾರ್ಮಲ್’. ‘ಹೈ’. ಬಟನ್ ಒತ್ತಿ, ಕೈಕಟ್ಟಿ ನಿಂತರು. ನೀರು ಏರಿತು. ಟವಲ್‌ಗಳು ಒಂದು ಸುತ್ತು ಬಂದವು, ಮತ್ತೊಂದು ಸುತ್ತು ಬಂದವು, ಚಿಕ್ಕಬೀರಯ್ಯ ಹೇಳಿದಂತೆ ಈಜತೊಡಗಿದವು. ಮಷಿನ್ನು ಕುಣಿಯಲಿಲ್ಲ. ಕೊಳೆ ನೀರು ಹೊರಗೆ ಹೋಗಿ, ಜಾಲಿಸಲು ಹೊಸ ನೀರು ಬರತೊಡಗಿತು.

ಒಂಬತ್ತು ಐವತ್ತಕ್ಕೆ ಬರುವುದು ನಿಂತಿತು. ಮಷಿನ್ನು ಮೂರು ಸಲ ಪೀಂ ಎಂದು ಸುಮ್ಮನಾಯಿತು. ಪ್ರಭುದೇವರು ಟಬ್ಬಿನೊಳಗೆ ಕೈ ಇಳಿಸಿ ನೋಡಿದರು, ನೊರೆ ಹಾಗೇ ಇತ್ತು.

ಚನ್ನವೀರಯ್ಯ ಹಗ್ಗ ಬಿಚ್ಚಿದರು. “ಆಯ್ತು ಬುಡು ಪ್ರಭು. ಎಲ್ಲಾ ನಮ್ಮ ಕೈಲಿರಲ್ಲ.”

“ಹಗ್ಗ ಕೆಳಗಿಡಿ ಭಾವ,” ಎಂದರು ಪ್ರಭುದೇವರು. ಮೊಣಕೈವರೆಗೆ ಸೋಪಿನ ನೊರೆ, ತೋಳು ಮಡಿಸಿದ ಅಂಗಿ, ಬರಿಗಾಲು. ಹಾಗೇ ಹೊರಟರು.

ಸಂಘದ ಕೊಠಡಿಯಲ್ಲಿ ಸಭೆ ಕಿಕ್ಕಿರಿದಿತ್ತು. ಹನ್ನೊಂದು ವರ್ಷದಲ್ಲಿ ಉಪ್ಪಿಟ್ಟಿಗಿಂತ ಮೊದಲೇ ಇಷ್ಟು ಜನ ಸೇರಿದ್ದು ಇದೇ ಮೊದಲು. ಪ್ರಭುದೇವರು ಒಳಗೆ ಕಾಲಿಟ್ಟದ್ದೇ ಜನ ಎದ್ದು ನಿಂತು ದಾರಿ ಬಿಟ್ಟರು. ರಂಗಣ್ಣ ಸ್ಟೂಲಿನಿಂದ ಎದ್ದರು.

“ರಂಗಣ್ಣನೋರೆ, ಕುರ್ಚಿ ನೀವೇ ಇಟ್ಕೊಳ್ಳಿ,” ಎಂದರು ಪ್ರಭುದೇವರು. “ನನಗೆ ನೀರು ಬಿಡಿ. ಅರ್ಧಕ್ಕೆ ನಿಂತೋಗಿದೆ.”

“ಏನು ಅರ್ಧಕ್ಕೆ ನಿಂತಿದೆ?”

“ಮಷಿನ್ನು. ವಾಷಿಂಗ್ ಮಷಿನ್ನು.” ಅವರು ಸಭೆಯ ಕಡೆ ತಿರುಗಿದರು. “ನನ್ನ ಹೆಂಡ್ತಿ ಕೈ ಮೇಲಕ್ಕೇಳಲ್ಲ. ಮಷಿನ್ನಲ್ಲಿ ಟವಲ್ ಹರೀತವೆ ಅಂತ ಅವಳು ಕಲ್ಲಿನ ಮೇಲೆ ಒಗೀತೀನಿ ಅಂತ ಹಟ ಹಿಡ್ದವ್ಳೆ. ಒಗೆದ್ರೆ ಆಪರೇಷನ್ನು. ಮಷಿನ್ ತಗೊಂಡೋಗಕ್ಕೆ ಟೆಂಪೋ ಬಾಗ್ಲಲ್ಲಿ ನಿಂತಿದೆ. ನೀರಿದ್ರೆ ಟವಲ್ ಹರಿಯಲ್ಲ. ಒಂದು ಗಂಟೆ ಬೇಕು. ಇಷ್ಟೇ ನನ್ನ ವಿಷಯ.”



ರಂಗಣ್ಣ ಕುರ್ಚಿಯ ಕಡೆ ಬೆರಳು ತೋರಿಸಿದರು. “ಅಂದ್ರೆ, ನೀವು ಅಲ್ಲಿ ಹಾಕಿದ್ದು ಟವಲ್ಲಾ?”

“ಟವಲ್ಲೇ.”

“ಬರೀ ಟವಲ್?”

“ಒದ್ದೆ ಟವಲ್.”

ಪ್ರಭುದೇವರು ಮುಂದೆ ಹೋಗಿ ಅದನ್ನು ಎತ್ತಿಕೊಂಡರು. ನಾಲ್ಕು ದಿನದಲ್ಲಿ ಸೋಪು ಅದರಲ್ಲೇ ಒಣಗಿ ಹಪ್ಪಳದಂತಾಗಿತ್ತು. ಎತ್ತಿದಾಗ ಅದು ಕುರ್ಚಿಯ ಬೆನ್ನಿನ ಆಕಾರದಲ್ಲೇ ಎದ್ದು ಬಂತು. ಅಧಿಕಾರದ ಅಚ್ಚು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅದನ್ನು ಕಂಕುಳಲ್ಲಿ ಇಟ್ಟುಕೊಳ್ಳಲಾಗದೆ ತಲೆಯ ಮೇಲೆ ಹೊತ್ತರು.

ರಂಗಣ್ಣ ಹನ್ನೊಂದು ವರ್ಷದ ಕುರ್ಚಿಗೆ ಹಿಂತಿರುಗಿ ಉಸ್ಸೆಂದು ಕೂತರು. ಜನಕ್ಕೆ ಮಾತ್ರ ಮನಸ್ಸು ಮುರಿದಂತಾಯಿತು. ಮೊದಲು ಬಾಯಿ ತೆರೆದವರು ಹೊಂಬಾಳಮ್ಮ.

“ಹಂಗಾದ್ರೆ ನಾವೆಲ್ಲಾ ರುಜು ಹಾಕಿದ್ದು ಯಾತಕ್ಕೆ?”

“ಒಂದು ಗಂಟೆ ನೀರಿಗೆ ಹೊಂಬಾಳಮ್ಮ. ಮೇಲೆ ಬರೆದಿದ್ನಲ್ಲ.”

“ಎಷ್ಟು ಜನ ಹಾಕವ್ರೆ?”

“ಮೂವತ್ತೊಂದು ಮನೆ.”

ಹೊಂಬಾಳಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತರು. “ರಂಗಣ್ಣ, ಇವರು ಟವಲ್ ತಕ್ಕೊಂಡ್ರು, ಸರಿ. ನೀರು ಬುಡ್ಲಿಲ್ಲ ಅಂದ್ರೆ ನಮ್ಮನೇಲೂ ಟವಲ್ ಅವೆ. ಮಿಕ್ಕ ಮೂವತ್ತು ಮನೇಲೂ ಅವೆ.”

ಮೂವತ್ತೊಂದು ಟವಲ್‌ಗಳ ಅಡಿಯಲ್ಲಿ ಒಂದು ಕುರ್ಚಿ ಹೇಗೆ ಕಾಣಬಹುದೆಂದು ರಂಗಣ್ಣ ಒಂದು ಕ್ಷಣ ಊಹಿಸಿಕೊಂಡರು. ಸೊಂಟದ ಬೀಗದ ಕೈ ಬಿಚ್ಚಿ, ಅವತ್ತು ಕೇರಂ ಆಡುತ್ತಿದ್ದವರಲ್ಲಿ ಒಬ್ಬನತ್ತ ಎಸೆದರು.

“ಹೋಗಿ ವಾಲ್ವ್ ತಿರುಗಿಸಪ್ಪ. ಒಂದು ಗಂಟೆ. ಪ್ರತಿ ಭಾನುವಾರ ಒಂದು ಗಂಟೆ ಅಂತ ನಡಾವಳಿ ಪುಸ್ತಕದಲ್ಲೂ ಬರ್ಕೊಳ್ಳಿ. ಅಧ್ಯಕ್ಷರು ಅವಿರೋಧ ಅಂತ ಅದರ ಕೆಳಗೇ ಬರ್ಕೊಳ್ಳಿ.”

ಎರಡಕ್ಕೂ ಒಂದೇ ಚಪ್ಪಾಳೆ ಬಿತ್ತು. ಉಪ್ಪಿಟ್ಟಿಗೆ ನಿಲ್ಲದೆ ಪ್ರಭುದೇವರು ಓಡಿದರು. ಅವರು ಮನೆ ತಲುಪುವ ಮೊದಲೇ ನೀರು ತಲುಪಿತ್ತು.

ಮಷಿನ್ನು ಎರಡು ಸಲ ಜಾಲಿಸಿತು. ಎತ್ತಲು ಬಂದಿದ್ದ ಇಬ್ಬರು ಗೋಣಿತಾಟಿನ ಮೇಲೆ ಕೂತು ನೋಡಿದರು. ಚನ್ನವೀರಯ್ಯ ಹಗ್ಗವನ್ನು ಕೈಗೆ ಸುತ್ತಿಕೊಂಡೇ ನಿಂತಿದ್ದರು. ಹಿಂಡುವ ಸುತ್ತು ಏರಿತು, ಇಳಿಯಿತು, ನಿಂತಿತು. ಪ್ರಭುದೇವರು ಮುಚ್ಚಳಕ್ಕೆ ಕೈ ಚಾಚಿದರು.

“ನೀವು ಬೇಡ,” ಎಂದರು ಗಂಗಾಂಬಿಕೆ. “ನಾನು ತೆಗೀತೀನಿ.”

ಎಡಗೈಯಲ್ಲಿ ಮುಚ್ಚಳ ಎತ್ತಿದರು. ಒಳಗಿನಿಂದ ಒಂದು ಟವಲ್ ತೆಗೆದು, ಒಂದು ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ಇನ್ನೊಂದು ತುದಿ ಹಿಡಿದೆಳೆದರು. ಅಂಚು ನೋಡಿದರು. ನಡುವೆ ನೋಡಿದರು. ತಿರುಗಿಸಿ ಇನ್ನೊಂದು ಮಗ್ಗುಲು ನೋಡಿದರು. ಪ್ರಭುದೇವರಿಗೆ ಸರ್ವೆ ಇಲಾಖೆಯ ಯಾವ ಮೇಲಧಿಕಾರಿಯೂ ಇಷ್ಟು ಹೊತ್ತು ನಕ್ಷೆ ನೋಡಿದ ನೆನಪಿರಲಿಲ್ಲ. ಕೊನೆಗೆ ಗಂಗಾಂಬಿಕೆ ಆ ಟವಲಿನಿಂದ ತಮ್ಮ ಮುಖ ಒರೆಸಿಕೊಂಡರು. ಅಗತ್ಯಕ್ಕಿಂತ ತುಸು ಹೆಚ್ಚು ಹೊತ್ತೇ ಒರೆಸಿಕೊಂಡರು.

“ನೀರು ಹೀರುತ್ತೆ,” ಎಂದರು.

“ಹರಿದಿದ್ಯಾ?” ಎಂದು ಕೇಳಿದರು ಚನ್ನವೀರಯ್ಯ.

“ಅಣ್ಣ, ಹಗ್ಗ ಸುತ್ತಿಡು.”

ಚನ್ನವೀರಯ್ಯ ಟಬ್ಬಿನೊಳಗೆ ಬಗ್ಗಿ ಮಿಕ್ಕ ಮೂರನ್ನೂ ಎಣಿಸಿ ನೋಡಿದರು. ಮೂರೂ ಇಡಿಯಾಗಿದ್ದವು. ಅವರು ತಂಗಿಯ ಮುಖ ನೋಡಿದರು, ಪ್ರಭುದೇವರ ನೊರೆಗೈ ನೋಡಿದರು, ಆಮೇಲೆ ಟೆಂಪೋದ ಗ್ರೀಸು ಮೆತ್ತಿದ ತಮ್ಮ ಬಿಳಿ ಅಂಗಿಯನ್ನು ನೋಡಿಕೊಂಡರು. ಗುಂಡಿ ಬಿಚ್ಚಿ ಅಂಗಿ ಕಳಚಿ ಮುಂದೆ ಹಿಡಿದರು.

“ಇದನ್ನೂ ಒಂದು ಹಾಕು ಗಂಗಾ. ನೀರು ಇನ್ನೂ ಬರ್ತಾ ಅದಲ್ಲ.”

ಗಂಗಾಂಬಿಕೆ ಅಂಗಿ ಇಸಿದುಕೊಂಡು, ಟಬ್ಬಿಗೆ ಹಾಕುವ ಮುಂಚೆ ಜೇಬು ತಡವಿದರು. ಒಳಗೊಂದು ಟೆಂಪೋ ಕೀ ಇತ್ತು. ಅದನ್ನು ಅಣ್ಣನ ಅಂಗೈಯಲ್ಲಿಟ್ಟು, ಬೆರಳು ಮಡಿಸಿ ಮುಚ್ಚಿದರು.

“ಅಂಗಿ ಒಣಗೋವರೆಗೂ ಇರು, ಊಟ ಮಾಡ್ಕೊಂಡು ಹೋಗುವೆಯಂತೆ,” ಎಂದರು. “ಇವತ್ತು ಇಲ್ಲಿಂದ ಗುಬ್ಬಿಗೆ ಹೋಗ್ಬೇಕಾಗಿರೋ ಕಬ್ಬಿಣ ಇದೊಂದೇ.”

ಆಮೇಲೆ ‘ನಾರ್ಮಲ್’ ಎಲ್ಲಿದೆ ಎಂದು ಗಂಡನನ್ನು ಕೇಳದೆ, ತಾವೇ ಹುಡುಕಿ ಒತ್ತಿದರು.